ತಳಿ–ಹೊಸೂರು ಕಡೆ ಇನ್ಸ್‌ಪೆಕ್ಷನ್ ಕೆಲಸ: ಎರಡು ಆಫರ್ ಇದೆ, ಯಾವುದಕ್ಕೆ ಸೇರಲಿ?

ತಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ತಳಿ ಪಕ್ಕದ ಹಳ್ಳಿ. ಹತ್ತನೇ ಕ್ಲಾಸ್‌ವರೆಗೆ ಇಲ್ಲೇ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ ಮೆಕ್ಯಾನಿಕಲ್ ಮಾಡಿದೆ. ಈಗ ಎರಡು ಕಡೆಯಿಂದ ಕರೆದಿದ್ದಾರೆ, ತಲೆ ಓಡ್ತಿಲ್ಲ.

ಒಂದು, ಫೋನ್ ಬಿಡಿಭಾಗ ಮಾಡೋ ದೊಡ್ಡ ಫ್ಯಾಕ್ಟರಿ. ಕೆಲಸ ವಿಶುವಲ್ ಇನ್ಸ್‌ಪೆಕ್ಟರ್. ಹಾಸ್ಟೆಲ್, ಊಟ, ಬಸ್ಸು ಎಲ್ಲ ಅವರದೇ. ಇನ್ನೊಂದು, ಹೊಸೂರು ಸಿಪ್‌ಕಾಟ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟೂವೀಲರ್‌ಗೆ ಅಲ್ಯೂಮಿನಿಯಂ ಪಾರ್ಟ್ ಮಷೀನಿಂಗ್ ಮಾಡಿಕೊಡೋ ಸಣ್ಣ ಕಂಪನಿ. ಅಲ್ಲಿ ಕ್ವಾಲಿಟಿ ಟ್ರೈನಿ ಅಂತಾರೆ. ಸಂಬಳ ಮೂರು ಸಾವಿರ ಕಡಿಮೆ, ಬಸ್ಸು ಬದಲಾಯಿಸಿಕೊಂಡು ಹೋಗಬೇಕು.

ನನಗೆ ಈ ಥರದ ಕೆಲಸವೇ ಬೇಕು ಅನ್ನೋದರಲ್ಲಿ ಅನುಮಾನ ಇಲ್ಲ. ಮನೇಲಿ ರೇಷ್ಮೆ ಸಾಕ್ತೀವಿ. ಚಂದ್ರಿಕೆಯಿಂದ (ಹುಳು ಗೂಡು ಕಟ್ಟೋ ತಟ್ಟೆ) ಗೂಡು ಬಿಡಿಸಿದ ಮೇಲೆ ಜೋಡಿ ಗೂಡು, ಕಲೆ ಹತ್ತಿದ್ದು, ಜೊಳ್ಳು, ಊಜಿ ನೊಣದಿಂದ ತೂತು ಬಿದ್ದದ್ದು ಇವನ್ನೆಲ್ಲ ಆರಿಸೋದು ನನ್ನ ಪಾಲಿನ ಕೆಲಸ. ನಾನು ಆರಿಸಿದ್ದನ್ನು ಅಪ್ಪ ಮತ್ತೆ ನೋಡದೆ ರಾಮನಗರ ಮಾರ್ಕೆಟ್‌ಗೆ ತಗೊಂಡು ಹೋಗ್ತಾರೆ. ಕಾಲೇಜು ವರ್ಕ್‌ಶಾಪ್‌ನಲ್ಲಿ ಫೈಲಿಂಗ್ ಮಾಡಿದಾಗ ಟ್ರೈ ಸ್ಕ್ವೇರ್ ಇಟ್ಟು ಬೆಳಕು ತೂರುತ್ತಾ ಅಂತ ನೋಡೋದೇ ನನಗೆ ಇಷ್ಟ ಆಗ್ತಿತ್ತು.

ಸೋದರಮಾವ ಮಾತ್ರ ‘ಇನ್ಸ್‌ಪೆಕ್ಷನ್ ಅಂದ್ರೆ ನೋಡ್ಕೊಂಡು ಕೂರೋ ಕೆಲಸ, ಅದರಲ್ಲಿ ಮುಂದೆ ಬರೋಕಾಗಲ್ಲ, ಪ್ರೊಡಕ್ಷನ್‌ಗೆ ಸೇರು’ ಅಂತಾರೆ. ಈ ಕೆಲಸದಲ್ಲಿ ಇರೋರು ಯಾರಾದ್ರೂ ಇದ್ರೆ ನಿಜ ಹೇಳಿ. ಇಂಗ್ಲಿಷ್ ಕಷ್ಟ, ಅದೂ ಒಂದು ಭಯ.

ಬಾಗಲೂರು ರೋಡ್

ದೊಡ್ಡ ಕಂಪನಿಗೆ ಸೇರಿ ಸಿಸ್ಟರ್. ಪಿಎಫ್, ಇಎಸ್‌ಐ, ಬಸ್ಸು ಎಲ್ಲ ಸಿಗುತ್ತೆ. ಸಣ್ಣ ಕಂಪನಿಯಲ್ಲಿ ಟ್ರೈನಿ ಅಂತ ಇಟ್ಕೊಂಡು ವರ್ಷಗಟ್ಟಲೆ ಹಾಗೇ ಓಡಿಸ್ತಾರೆ. ನನ್ನ ತಮ್ಮನಿಗೆ ಹಾಗೇ ಆಯ್ತು.

ಗೇಜ್ ರೂಮ್, ಹೊಸೂರು

ನೋಡಮ್ಮ, ನಾನು ಇದೇ ಸಿಪ್‌ಕಾಟ್‌ನಲ್ಲಿ ಹೊರಗಿಂದ ಬಂದ ಮಾಲು ನೋಡೋ ಇನ್‌ಕಮಿಂಗ್ ಇನ್ಸ್‌ಪೆಕ್ಷನ್ ಟೇಬಲ್‌ನಿಂದ ಶುರು ಮಾಡಿ, ಗೇಜ್‌ಗಳೇ ಸರಿ ಇದ್ದಾವಾ ಅಂತ ನೋಡೋ ಸ್ಟ್ಯಾಂಡರ್ಡ್ಸ್ ರೂಮ್ ನೋಡಿಕೊಂಡು ರಿಟೈರ್ ಆದವನು. ನಿನ್ನ ಪ್ರಶ್ನೆ ಓದಿ ತುಂಬಾ ಸಂತೋಷ ಆಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಿನಗೆ ಬಂದಿರೋ ಎರಡೂ ಆಫರ್‌ಗೆ ಇನ್ಸ್‌ಪೆಕ್ಷನ್ ಅಂತಲೇ ಹೆಸರು. ಆದರೆ ಎರಡೂ ಬೇರೆ ಬೇರೆ ಕೆಲಸ. ವಿಶುವಲ್‌ನಲ್ಲಿ ಟ್ರೇ ಬರುತ್ತೆ, ಲೈಟ್ ಕೆಳಗೆ ಹಿಡಿದು ತಿರುಗಿಸಿ ನೋಡ್ತೀಯ. ಗೀರು, ಡೆಂಟ್, ಬಣ್ಣದ ವ್ಯತ್ಯಾಸ. ಎದುರಿಗೆ ಲಿಮಿಟ್ ಸ್ಯಾಂಪಲ್ ಇಟ್ಟಿರ್ತಾರೆ, ಇಷ್ಟು ಗೀರಿದ್ರೆ ಸರಿ, ಇದಕ್ಕಿಂತ ಹೆಚ್ಚಿದ್ರೆ ರಿಜೆಕ್ಟ್. ನೀನು ಜೋಡಿ ಗೂಡು ಎತ್ತಿ ಪಕ್ಕಕ್ಕೆ ಹಾಕ್ತೀಯಲ್ಲ, ಹೆಚ್ಚುಕಮ್ಮಿ ಹಾಗೇ. ನಿನ್ನಂಥ ಕಣ್ಣಿರೋರು ಅದನ್ನ ಬೇಗ ಕಲೀತಾರೆ. ತೊಂದರೆ ಏನು ಅಂದ್ರೆ ಬೇಗ ಕಲಿತು ಅಲ್ಲೇ ನಿಂತುಬಿಡ್ತಾರೆ. ಕ್ಯಾಮೆರಾ ಇಟ್ಟು ಕಂಪ್ಯೂಟರ್ ಕೈಲಿ ನೋಡಿಸೋದು ಮೊದಲು ಬಂದಿರೋದೂ ಆ ಜಾಗಕ್ಕೇ.

ಅಳೆಯೋ ಕೆಲಸ ಬೇರೆ. ಒಂದು ಉದಾಹರಣೆ ಹೇಳ್ತೀನಿ, ಸಣ್ಣ ಕಂಪನಿಗೆ ಹೋದ್ರೆ ಮೊದಲ ತಿಂಗಳೇ ನಿನ್ನ ಕೈಗೆ ಬರಬಹುದು. ಅಲ್ಯೂಮಿನಿಯಂ ಹೌಸಿಂಗ್, ಅದರಲ್ಲಿ ಬೇರಿಂಗ್ ಕೂರೋಕೆ 60 ಮಿಲಿಮೀಟರ್ ಬೋರ್, ಅಂದ್ರೆ ದುಂಡನೆ ತೂತು, ಡ್ರಾಯಿಂಗ್‌ನಲ್ಲಿ ಎಚ್7 ಅಂತ ಇದೆ. ಅಂದ್ರೆ ಬೋರ್ 60.000ರಿಂದ 60.030ರ ಒಳಗೆ ಇರಬೇಕು. ಬಿಟ್ಟಿರೋ ಜಾಗ ಒಟ್ಟು 30 ಮೈಕ್ರಾನ್, ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದನ್ನ ನೋಡೋಕೆ ಪ್ಲಗ್ ಗೇಜ್ ಇರುತ್ತೆ, ಅದರ ಗೋ ತುದಿ ಬೋರ್ ಒಳಗೆ ಹೋಗಬೇಕು, ನೋ-ಗೋ ತುದಿ ಹೋಗಬಾರದು. ಆಪರೇಟರ್ ಮಷೀನ್‌ನಿಂದ ಈಗಷ್ಟೇ ತೆಗೆದ ಪೀಸ್ ತಂದು ‘ಗೋ ಒಳಗೆ ಹೋಯ್ತು, ನೋ-ಗೋ ನಿಂತಿತು, ಪಾಸ್ ಮಾಡಿ’ ಅಂತ ನಿಲ್ತಾನೆ. ಅವನು ಸುಳ್ಳು ಹೇಳ್ತಿಲ್ಲ. ಆದರೆ ಪೀಸ್ ಇನ್ನೂ ಬಿಸಿ ಇದೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ. ಪೀಸ್ 20 ಡಿಗ್ರಿ ಹೆಚ್ಚು ಬಿಸಿ ಇದ್ರೆ 60 ಮಿಲಿಮೀಟರ್ ಬೋರ್ ಹತ್ತಿರ ಹತ್ತಿರ 28 ಮೈಕ್ರಾನ್ ದೊಡ್ಡದಾಗಿರುತ್ತೆ. ಬಿಸಿ ಇದ್ದಾಗ 60.020 ತೋರಿಸಿದ್ದು ಆರಿದ ಮೇಲೆ 59.992ಕ್ಕೆ ಇಳಿಯುತ್ತೆ, ಗೋ ಒಳಗೇ ಹೋಗಲ್ಲ. ಅಂಥ ಪೀಸ್ ಪಾಸ್ ಆದ್ರೆ ಗಿರಾಕಿಯ ಲೈನ್‌ನಲ್ಲಿ ಬೇರಿಂಗ್ ಕೂರಲ್ಲ.

ಈಗ ಇನ್ಸ್‌ಪೆಕ್ಟರ್ ಏನು ಮಾಡ್ತಾಳೆ? ಪೀಸನ್ನು ಗ್ರಾನೈಟ್ ಮೇಲೆ ಇಟ್ಟು ಆರೋಕೆ ಬಿಡ್ತಾಳೆ. ಬೋರ್ ಅಂಚಿನಲ್ಲಿ ಬರ್, ಅಂದ್ರೆ ಚೂಪಾಗಿ ಎದ್ದ ಲೋಹದ ಎಸಳು, ಇದೆಯಾ ಅಂತ ಉಗುರು ಆಡಿಸಿ ನೋಡ್ತಾಳೆ. ಕೂಲಂಟ್ ಒರೆಸಿ, ಗೇಜ್ ಒರೆಸಿ, ನೇರ ಹಿಡಿದು ಬಿಡ್ತಾಳೆ. ಗೋ ತನ್ನ ತೂಕಕ್ಕೆ ತಾನೇ ಇಳಿಯಬೇಕು, ಒತ್ತಬಾರದು, ತಿರುಗಿಸಿ ತುರುಕಬಾರದು. ನೋ-ಗೋ ಅಂಚಿನಲ್ಲೇ ನಿಲ್ಲಬೇಕು. ಆಮೇಲೆ ಬೋರ್ ಗೇಜ್ ಹಾಕಿ ಎರಡು ಕಡೆ, ಮೂರು ಆಳದಲ್ಲಿ ರೀಡಿಂಗ್ ತಗೊಂಡು ಬರೀತಾಳೆ. ಪ್ಲಗ್ ಗೇಜ್ ಹೌದು ಅಥವಾ ಇಲ್ಲ ಅಂತ ಮಾತ್ರ ಹೇಳುತ್ತೆ. ಬೋರ್ ಯಾವ ಕಡೆ ವಾಲ್ತಿದೆ, ಟೂಲ್ ಸವೀತಿದೆಯಾ ಅನ್ನೋದು ರೀಡಿಂಗ್ ಬರೆದವಳಿಗೇ ಗೊತ್ತಾಗೋದು. ಮಧ್ಯಾಹ್ನದಿಂದ ಒಂದೇ ಸಮ ಇಳೀತಿರೋ ಅಂಕಿ ತೋರಿಸಿ ‘ಅಣ್ಣ, ಟೂಲ್ ತುದಿಯ ಇನ್ಸರ್ಟ್ ಬದಲಾಯಿಸಿ, ಇನ್ನು ಸ್ವಲ್ಪ ಹೊತ್ತಿಗೆ ಔಟ್ ಆಗುತ್ತೆ’ ಅಂತ ಮೊದಲೇ ಹೇಳಿದ ಹುಡುಗಿಯನ್ನ ನಾನು ನೋಡಿದ್ದೀನಿ. ಒಂದು ಪೀಸೂ ಸ್ಕ್ರ್ಯಾಪ್ ಆಗಲಿಲ್ಲ. ನಿಮ್ಮ ಸೋದರಮಾವನಿಗೆ ಇದನ್ನ ಓದಿ ಹೇಳು.

ಅದಕ್ಕೇ ನನ್ನ ಮಾತು ಸಣ್ಣ ಕಂಪನಿ ಕಡೆ. ಆದರೆ ಕಣ್ಣುಮುಚ್ಚಿಕೊಂಡು ಅಲ್ಲ. ಸೇರೋ ಮೊದಲು ಒಳಗೆ ಹೋಗಿ ನೋಡಬೇಕು ಅಂತ ಕೇಳು. ವರ್ನಿಯರ್, ಮೈಕ್ರೋಮೀಟರ್ ಮೇಲೆ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇರುತ್ತೆ, ಡ್ಯೂ ಡೇಟ್ ದಾಟಿದೆಯಾ ನೋಡು. ಗೇಜ್‌ಗಳು ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಇದ್ದಾವಾ, ಸ್ಪ್ಯಾನರ್ ಜೊತೆ ಡ್ರಾಯರ್‌ನಲ್ಲಿ ಬಿದ್ದಿದ್ದಾವಾ? ಅಳೆಯೋ ರೂಮ್‌ಗೆ ಏಸಿ ಇದೆಯಾ? ಅಳತೆಗೆ ಪ್ರಪಂಚ ಪೂರ್ತಿ ಒಪ್ಪಿರೋ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಸಣ್ಣ ಕಂಪನಿ ಅಷ್ಟು ಕಟ್ಟುನಿಟ್ಟಾಗಿ ಇಡೋಕೆ ಆಗದೇ ಇರಬಹುದು, ಆದರೆ ಶೆಡ್ಡಿನ ಧಗೆಯಲ್ಲೇ ಸ್ಲಿಪ್ ಗೇಜ್ (ಅಳತೆಗೆ ಆಧಾರವಾದ ಉಕ್ಕಿನ ತುಂಡುಗಳು) ಜೋಡಿಸ್ತಿದ್ರೆ ಅಲ್ಲಿ ನೀನು ಕಲಿಯೋದು ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ‘ಫಸ್ಟ್ ಪೀಸ್ ಸರಿ ಇಲ್ಲ ಅಂತ ನಾನು ಬರೆದ್ರೆ ಮಷೀನ್ ನಿಲ್ಲುತ್ತಾ? ನಿಲ್ಲಿಸಿದ್ದನ್ನ ಮತ್ತೆ ಓಡಿಸಿ ಅನ್ನೋ ಅಧಿಕಾರ ಯಾರದು?’ ಕ್ವಾಲಿಟಿಯವರದು ಅಂತ ಥಟ್ಟನೆ ಉತ್ತರ ಬಂದ್ರೆ ಒಳ್ಳೆ ಜಾಗ. ಪ್ರೊಡಕ್ಷನ್ ಮ್ಯಾನೇಜರ್ ನೋಡ್ಕೋತಾರೆ ಅಂದ್ರೆ ಯೋಚನೆ ಮಾಡು. ಈ ಕೆಲಸದಲ್ಲಿ ಕಣ್ಣು ಅರ್ಧ ಅಷ್ಟೇ ಕಣಮ್ಮ. ಡಿಸ್‌ಪ್ಯಾಚ್ ಲಾರಿ ಗೇಟ್ ಹತ್ತಿರ ನಿಂತಿರುವಾಗ, ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ‘ಎರಡು ಮೈಕ್ರಾನ್ ತಾನೇ’ ಅಂತ ಅನ್ನುವಾಗ, ಬಂದ ಅಂಕಿಯನ್ನೇ ಬರೆಯೋದು ಇನ್ನರ್ಧ. ಅದನ್ನ ಕಾಯೋ ಮೇಲಿನವರು ಇದ್ರೆ ನೀನು ಬೆಳೀತೀಯ. ಇಲ್ಲದಿದ್ರೆ ಎಷ್ಟು ಚೆನ್ನಾಗಿರೋ ಕಣ್ಣಿದ್ರೂ ಪ್ರಯೋಜನ ಇಲ್ಲ.

ಬಾಗಲೂರು ರೋಡ್ ಅವರು ಹೇಳಿದ್ದರಲ್ಲೂ ನ್ಯಾಯ ಇದೆ. ಟ್ರೈನಿ ಅಂದ್ರೆ ಯಾವ ಥರ ಅಂತ ಬರವಣಿಗೆಯಲ್ಲಿ ಕೇಳು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ತಗೊಂಡ್ರೆ ಪಿಎಫ್ ಇರಲ್ಲ. ಆದರೆ ಅವಧಿ ಇಷ್ಟೇ ಅಂತ ಒಪ್ಪಂದ ಇರುತ್ತೆ, ಮುಗಿಸಿದ್ದಕ್ಕೆ ಸರ್ಕಾರದ ಸರ್ಟಿಫಿಕೇಟ್ ಬರುತ್ತೆ, ಡಿಪ್ಲೊಮಾದವರದ್ದು ಚೆನ್ನೈನ ಬೋರ್ಡ್ ನೋಡುತ್ತೆ. ಕಾಯ್ದೆಯೂ ಇಲ್ಲ, ಪಿಎಫ್ಫೂ ಇಲ್ಲ, ಸುಮ್ಮನೆ ಬಾಯಿಮಾತಿನ ಟ್ರೈನಿ ಅಂದ್ರೆ ಬೇಡ.

ತಳಿ ಹುಡುಗಿ

ಅಣ್ಣ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಬಿಸಿ ಪೀಸಿನ ಲೆಕ್ಕ ನಾನೂ ಮಾಡಿ ನೋಡಿದೆ, ಸರಿಯಾಗಿ ಬಂತು.

ಇನ್ನೊಂದೆರಡು ಕೇಳ್ತೀನಿ. ನನಗೆ ಕನ್ನಡಕ ಇದೆ, ತೊಂದರೆ ಆಗುತ್ತಾ? ಇಂಗ್ಲಿಷ್ ಬಗ್ಗೆ ಹೇಳಲಿಲ್ಲ. ಮತ್ತೆ ಎನ್‌ಡಿಟಿ ಅಂತ, ಪೀಸ್ ಕೆಡಿಸದೆ ದೋಷ ಹುಡುಕೋ ಪರೀಕ್ಷೆ ಇದೆಯಲ್ಲ, ಹೊಸೂರಿನಲ್ಲಿ ಒಬ್ಬರು ‘ಹತ್ತು ದಿನದಲ್ಲಿ ಅದರ ಲೆವೆಲ್ ಟೂ ಮಾಡಿಸ್ತೀವಿ, ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ’ ಅಂತ ದುಡ್ಡು ಕೇಳ್ತಿದ್ದಾರೆ. ಅದು ಹೇಗೆ?

ಸೊಲ್ಲಾಪುರ ಟವೆಲ್

ತಂಗಿ, ನಾ ಸೊಲ್ಲಾಪುರದಾಗ ಟೆರ್ರಿ ಟವೆಲ್ ಚೆಕಿಂಗ್ ಮಾಡ್ತೇನಿ, ಊರು ಅಕ್ಕಲಕೋಟ. ನಮ್ಮ ಕೆಲಸ ಬ್ಯಾರೆ, ಆದ್ರ ಒಂದು ಮಾತು ಹೇಳಬೇಕನಿಸ್ತು.

ಬಟ್ಟಿ ಚೆಕಿಂಗ್‌ಗೆ ಫೋರ್ ಪಾಯಿಂಟ್ ಅಂತ ಪದ್ಧತಿ ಅದ. ತಪ್ಪು 3 ಇಂಚಿನ ತನಕ ಇದ್ರ 1 ಪಾಯಿಂಟ್, 6ರ ತನಕ 2, 9ರ ತನಕ 3, ಅದಕ್ಕಿಂತ ಉದ್ದ ಇದ್ರ 4. ಒಂದು ಗಜದಾಗ ಎಷ್ಟ ತಪ್ಪಿದ್ರೂ 4ಕ್ಕಿಂತ ಹೆಚ್ಚು ಹಾಕೂದಿಲ್ಲ. ಒಟ್ಟು ಕೂಡಿಸಿ 100 ಚದರ ಗಜಕ್ಕ ಎಷ್ಟು ಬಂತು ಅಂತ ನೋಡಿ ಥಾನು ಪಾಸೋ ಫೇಲೋ ಹೇಳ್ತಾರ. ಟವೆಲ್‌ನಾಗ ಇನ್ನೂ ಹೆಚ್ಚಿಂದು ಲೂಪ್ ಎಳದಿದ್ದು, ಎಣ್ಣಿ ಕಲಿ, ಅಂಚಿನ ಹೊಲಿಗಿ ಬಿಟ್ಟಿದ್ದು. ಕೈಲೆ ಸವರಿದ್ರ ಗೊತ್ತಾಗ್ತದ, ಕಣ್ಣಿಗಿಂತ ಮೊದಲ ಅಂಗೈಗೆ ಸಿಗ್ತದ.

ನಾ ಮೊದಲ ಇದ್ದ ಕಡೆ ಚೆಕಿಂಗ್‌ಗೂ ಪೀಸ್ ಲೆಕ್ಕದ ಕೂಲಿ ಇತ್ತು. ಹೆಚ್ಚು ನೋಡಿದ್ರ ಹೆಚ್ಚು ರೊಕ್ಕ. ಹಂಗಂದ ಮ್ಯಾಲ ಯಾರು ನಿಂತು ನೋಡ್ತಾರ್ರೀ? ತಪ್ಪು ಹಿಡಿದವಂಗ ನಷ್ಟ, ಕಣ್ಣು ಮುಚ್ಚಿದವಂಗ ಲಾಭ. ಬಿಟ್ಟು ಬಂದೆ. ಈಗ ಇರೂ ಕಡೆ ತಿಂಗಳ ಪಗಾರ, ತಪ್ಪು ಹಿಡದ್ರ ಅದನ್ನ ಲೂಮಿನವರಿಗೆ ತೋರಸ್ತಾರ. ನೀ ಯಾವ ಕಂಪನಿಗೆ ಹೋದ್ರೂ ಇನ್ಸ್‌ಪೆಕ್ಷನ್‌ದವರಿಗೆ ಪೀಸ್ ಲೆಕ್ಕದ ಟಾರ್ಗೆಟ್ ಅದ ಏನು ಅಂತ ಕೇಳು.

ಗೇಜ್ ರೂಮ್, ಹೊಸೂರು

ಸೊಲ್ಲಾಪುರದವರು ಹೇಳಿದ್ದು ಚಿನ್ನದಂಥ ಮಾತು. ನಾನು ಬರೆಯೋಕೆ ಮರೆತಿದ್ದೆ, ಅದನ್ನೂ ಕೇಳಮ್ಮ.

ಕನ್ನಡಕ ತೊಂದರೆ ಇಲ್ಲ. ಹತ್ತಿರದ ಸಣ್ಣ ಅಕ್ಷರ ಕನ್ನಡಕ ಹಾಕಿಕೊಂಡು ಸ್ಪಷ್ಟವಾಗಿ ಕಂಡ್ರೆ ಸಾಕು. ಚುಕ್ಕಿಗಳ ನಡುವೆ ಅಂಕಿ ಓದಿಸೋ ಇಶಿಹಾರಾ ಟೆಸ್ಟ್ ಮಾಡಿಸಿಕೋ, ಬಣ್ಣ ಗುರುತಿಸೋದು ಸರಿ ಇದೆ ಅನ್ನೋ ಕಾಗದ ಮುಂದೆ ಎಲ್ಲ ಕಡೆ ಕೇಳ್ತಾರೆ. ವಿಶುವಲ್‌ನಲ್ಲಿ ಕಣ್ಣು ದಣಿಯುತ್ತೆ, ನೂರಕ್ಕೆ ನೂರು ಪೀಸ್ ನೋಡಿದ್ರೂ ಎಲ್ಲ ತಪ್ಪೂ ಸಿಗಲ್ಲ. ಅದು ನೋಡೋರ ದೋಷ ಅಲ್ಲ. ಮಧ್ಯೆ ಮಧ್ಯೆ ಜಾಗ ಬದಲಾಯಿಸೋ ಪದ್ಧತಿ ಇದೆಯಾ ಅಂತ ದೊಡ್ಡ ಕಂಪನಿಯವರನ್ನ ಕೇಳು.

ಎನ್‌ಡಿಟಿ ಒಳ್ಳೆ ವಿದ್ಯೆ. ಡೈ ಪೆನೆಟ್ರಂಟ್, ಮ್ಯಾಗ್ನೆಟಿಕ್ ಪಾರ್ಟಿಕಲ್, ಅಲ್ಟ್ರಾಸಾನಿಕ್, ರೇಡಿಯೋಗ್ರಫಿ ಅಂತ ಬೇರೆ ಬೇರೆ ವಿಧಾನ, ಪ್ರತಿಯೊಂದಕ್ಕೂ ಲೆವೆಲ್ ಬೇರೆ. ಆದರೆ ಲೆವೆಲ್ ಟೂಗೆ ಪರೀಕ್ಷೆ ಒಂದೇ ಸಾಲದು, ಆ ವಿಧಾನದಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಅನುಭವ ಇಲ್ಲದ ಸರ್ಟಿಫಿಕೇಟನ್ನ ಕೇಳೋ ಕಂಪನಿಯವರು ಒಂದೇ ಪ್ರಶ್ನೆಗೆ ಕಂಡುಹಿಡೀತಾರೆ. ಹತ್ತು ದಿನದ ಗ್ಯಾರಂಟಿಗೆ ಒಂದು ರೂಪಾಯಿ ಕೊಡಬೇಡ. ಇಷ್ಟ ಇದ್ರೆ ಕೆಲಸಕ್ಕೆ ಸೇರಿದ ಮೇಲೆ ಚೆನ್ನೈನಲ್ಲಿರೋ ಇಂಡಿಯನ್ ಸೊಸೈಟಿ ಫಾರ್ ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್‌ನವರ ಕೋರ್ಸ್ ವಿಚಾರಿಸು.

ಇಂಗ್ಲಿಷ್ ಭಯ ಬಿಡು. ಶಾಪ್ ಫ್ಲೋರ್‌ನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಲಸಿ ಮಾತಾಡ್ತಾರೆ, ನಿನಗೆ ಅದು ಹೊಸದಲ್ಲ. ಡ್ರಾಯಿಂಗ್‌ನಲ್ಲಿ ಓದಬೇಕಾದ್ದು ಹೆಚ್ಚಿನದು ಅಂಕಿ ಮತ್ತೆ ಚಿಹ್ನೆ. ಕೈಗೆ ಬಂದ ತಕ್ಷಣ ಕೆಳಗಿನ ಟೈಟಲ್ ಬ್ಲಾಕ್‌ನಲ್ಲಿ ತುದಿ ಕತ್ತರಿಸಿದ ಕೋನ್‌ನ ಚಿತ್ರ ನೋಡು, ಪೀಸಿನ ನೋಟಗಳನ್ನ ಇಟ್ಟಿರೋ ಕ್ರಮ ಫಸ್ಟ್ ಆ್ಯಂಗಲ್‌ ಅಥವಾ ಥರ್ಡ್ ಆ್ಯಂಗಲ್‌ ಅಂತ ಅದೇ ಹೇಳುತ್ತೆ. ನಾವು ಕಾಲೇಜಲ್ಲಿ ಕಲಿಯೋದು ಫಸ್ಟ್, ಅಮೆರಿಕದ ಗಿರಾಕಿ ಕಳಿಸೋದು ಥರ್ಡ್. ಪೊಸಿಷನ್, ಫ್ಲಾಟ್‌ನೆಸ್, ರನ್‌ಔಟ್ ಚಿಹ್ನೆಗಳನ್ನ ಬಿಡಿಸಿ ಬಿಡಿಸಿ ಕಲಿ. ಇಂಗ್ಲಿಷ್ ನಿಜವಾಗಿ ಬೇಕಾಗೋದು ಗಿರಾಕಿ ಕಂಪ್ಲೇಂಟ್‌ಗೆ 8ಡಿ ರಿಪೋರ್ಟ್, ಅಂದ್ರೆ ತಪ್ಪು ಯಾಕಾಯ್ತು, ಏನು ಸರಿ ಮಾಡಿದ್ವಿ ಅನ್ನೋ ಎಂಟು ಹಂತದ ವರದಿ, ಬರೆಯುವಾಗ. ಹಳೆ ರಿಪೋರ್ಟ್‌ಗಳನ್ನ ಕೇಳಿ ತಗೊಂಡು ಓದು, ಅದೇ ವಾಕ್ಯಗಳು ತಿರುಗಿ ತಿರುಗಿ ಬರ್ತವೆ.

ಸ್ಯಾಂಪ್ಲಿಂಗ್, ಅಂದ್ರೆ ಕೆಲವು ಪೀಸ್ ಮಾತ್ರ ನೋಡಿ ಪೂರ್ತಿ ಲಾಟ್ ಬಗ್ಗೆ ತೀರ್ಮಾನಿಸೋದು, ಅದರ ಬಗ್ಗೆಯೂ ಸ್ವಲ್ಪ ಓದಿಕೊಂಡು ಹೋಗು, ಇಂಟರ್‌ವ್ಯೂನಲ್ಲಿ ಕೇಳೇ ಕೇಳ್ತಾರೆ. ನಮ್ಮ ಐಎಸ್ 2500 ಪ್ರಕಾರ 1000 ಪೀಸಿನ ಲಾಟ್ ಬಂದ್ರೆ, ಮಾಮೂಲಿ ಮಟ್ಟದಲ್ಲಿ 80 ಪೀಸ್ ನೋಡ್ತೀವಿ. ಎಕ್ಯೂಎಲ್ (ಒಪ್ಪಬಹುದಾದ ಗುಣಮಟ್ಟದ ಮಿತಿ) 1.0 ಇದ್ರೆ ಆ 80ರಲ್ಲಿ 2 ಕೆಟ್ಟದ್ದು ಸಿಕ್ಕಿದ್ರೂ ಲಾಟ್ ಒಳಗೆ, 3 ಸಿಕ್ಕಿದ್ರೆ ಪೂರ್ತಿ ಲಾಟ್ ವಾಪಸ್. ವಾಹನದ ಬಿಡಿಭಾಗಕ್ಕೆ ಇದು ನಡೆಯಲ್ಲ. ವಾಹನ ಉದ್ಯಮದ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಟಿಎಫ್ 16949ನಲ್ಲಿ ಗೋ, ನೋ-ಗೋ ಥರದ ಸ್ಯಾಂಪ್ಲಿಂಗ್‌ಗೆ ಒಪ್ಪೋ ಸಂಖ್ಯೆ ಸೊನ್ನೆ. ಇಷ್ಟು ಹೇಳಿದ್ರೆ ಎದುರಿಗೆ ಕೂತವರು ನೆಟ್ಟಗೆ ಕೂರ್ತಾರೆ.

ಮುಂದಕ್ಕೆ ಬರಲ್ಲ ಅನ್ನೋದಕ್ಕೆ ಉತ್ತರ: ಲೈನ್ ಇನ್ಸ್‌ಪೆಕ್ಷನ್ ಆದ ಮೇಲೆ ಡ್ರಾಯಿಂಗ್‌ನ ಎಲ್ಲ ಅಳತೆ ನೋಡೋ ಲೇಔಟ್, ಅಲ್ಲಿಂದ ಸಿಎಂಎಂ (ಕಂಪ್ಯೂಟರ್‌ನಿಂದ ನಡೆಯೋ ಅಳತೆ ಮಷೀನ್) ಪ್ರೋಗ್ರಾಮಿಂಗ್, ಕ್ಯಾಲಿಬ್ರೇಷನ್ ಲ್ಯಾಬ್, ಸಪ್ಲೈಯರ್ ಕ್ವಾಲಿಟಿ. ಅಶೋಕ್ ಲೇಲ್ಯಾಂಡ್, ಟಿವಿಎಸ್ ಈ ಊರಲ್ಲಿ ಬೇರು ಬಿಟ್ಟ ಮೇಲೆ ಸುತ್ತ ಹುಟ್ಟಿದ ಅಷ್ಟೂ ವೆಂಡರ್ ಕಂಪನಿಗಳಿಗೆ ಸಿಎಂಎಂ ಬಲ್ಲವರು ಬೇಕು. ಕೈ ಇನ್ನೂ ನಾಜೂಕಾಗಿದ್ರೆ ಟೈಟನ್‌ನ ವಾಚ್ ಫ್ಯಾಕ್ಟರಿಯೂ ಇದೇ ಹೊಸೂರಲ್ಲಿದೆ.

ಪೆರ್ಲದ ತೋಟ

ನಾನು ಕಾಸರಗೋಡಿನವಳು. ಇಲ್ಲಿ ನಿಮ್ಮಷ್ಟು ಕಂಪನಿಗಳಿಲ್ಲ, ಆದರೆ ಇದನ್ನು ಓದುವ ನಮ್ಮ ಕಡೆಯ ಮಕ್ಕಳಿಗೂ ಉಪಯೋಗ ಆಗಲಿ ಎಂದು ಬರೆಯುತ್ತೇನೆ.

ನಮ್ಮಲ್ಲಿ ಇಂಥ ಕಣ್ಣು ಬೇಕಾಗುವುದು ಗೇರುಬೀಜದ ಗ್ರೇಡಿಂಗಿಗೆ. ಡಬ್ಲ್ಯೂ 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ, ಡಬ್ಲ್ಯೂ 240 ಎಂದರೆ 220ರಿಂದ 240. ಸುಟ್ಟ ಬಣ್ಣ ಬಂದದ್ದು ಬೇರೆ, ಹೋಳು ಬೇರೆ, ತುಂಡು ಬೇರೆ. ನನ್ನ ಚಿಕ್ಕಮ್ಮ ತೂಕ ಮಾಡದೆ ಕೈಯಲ್ಲಿ ಹಿಡಿದೇ 210 ಯಾವುದು, 240 ಯಾವುದು ಎಂದು ಹೇಳುತ್ತಿದ್ದರು. ಈಗ ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಬಂದಿದೆ, ಆದರೂ ಕೊನೆಗೆ ಹೆಂಗಸರು ಕೂತು ನೋಡುವುದು ಉಂಟು. ಚಾಲಿ ಅಡಿಕೆಯಲ್ಲಿ ಪಟೋರ, ಕೋಕಾ, ಕರಿಗೋಟು ಎಂಬ ಕೆಳದರ್ಜೆಯವನ್ನು ಆರಿಸುವವರದ್ದೂ ಇದೇ ವಿದ್ಯೆ.

ಬಿ.ಎಸ್ಸಿ. ಕೆಮಿಸ್ಟ್ರಿ, ಫುಡ್ ಸೈನ್ಸ್ ಆದವರಿಗೆ ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆಯಂಥ ಕಡೆ ಲ್ಯಾಬ್ ಕೆಲಸ ಇರುತ್ತದೆ, ಖಾಲಿ ಆದಾಗ ಅರ್ಜಿ ಹಾಕಬೇಕು. ಎಲೆಕ್ಟ್ರಾನಿಕ್ಸ್‌ನವರು ಸೀತಾಂಗೋಳಿಯ ಎಚ್‌ಎಎಲ್ ಘಟಕದ ಅಪ್ರೆಂಟಿಸ್ ಜಾಹೀರಾತು ಗಮನಿಸುತ್ತಿರಿ. ಸೋಲ್ಡರ್ ನೋಡುವ ಕೆಲಸಕ್ಕೆ ಐಪಿಸಿ 610 ಎಂಬ ಮಾನದಂಡ ಉಂಟು, ಅದರಲ್ಲಿ ಮೂರು ಕ್ಲಾಸ್, ಮೂರನೆಯದು ಅತಿ ಬಿಗಿ. ಅದನ್ನು ಕಲಿತವರಿಗೆ ಬೆಂಗಳೂರಿನಲ್ಲಿಯೂ ಕೆಲಸ ಸಿಗುತ್ತದೆ.

ತಳಿಯ ತಂಗಿಗೆ: ನೀನು ಹಾಸ್ಟೆಲ್ ಬಗ್ಗೆ ಬರೆದೆ, ಸಣ್ಣ ಕಂಪನಿಯಲ್ಲಿ ರಾತ್ರಿ ಪಾಳಿ ಉಂಟಾ, ಬಿಡಲು ಗಾಡಿ ಉಂಟಾ ಎಂದು ಬರೆಯಲಿಲ್ಲ. ಮೈಕ್ರಾನ್ ಕೇಳುವ ಮೊದಲು ಅದನ್ನು ಕೇಳು ಮಗಾ.

ತಳಿ ಹುಡುಗಿ

ಅಕ್ಕ, ಸರಿಯಾಗಿ ಹೇಳಿದ್ರಿ. ಫೋನ್ ಮಾಡಿ ಕೇಳಿದೆ. ಹೆಣ್ಣುಮಕ್ಕಳಿಗೆ ಎರಡೇ ಪಾಳಿ, ಎರಡನೇ ಪಾಳಿ ಮುಗಿದ ಮೇಲೆ ವ್ಯಾನ್ ಬಿಡ್ತಾರಂತೆ, ಆದರೆ ಹೊಸೂರು ಬಸ್‌ಸ್ಟ್ಯಾಂಡ್‌ವರೆಗೆ ಮಾತ್ರ. ಅಲ್ಲಿಂದ ತಳಿಗೆ ಆ ಹೊತ್ತಿನಲ್ಲಿ ಬಸ್ಸಿರಲ್ಲ. ಹೊಸೂರಲ್ಲೇ ನನ್ನ ಕ್ಲಾಸ್‌ಮೇಟ್ ರೂಮ್ ಮಾಡಿದ್ದಾಳೆ, ಅವಳ ಜೊತೆ ಇರಬಹುದಾ ಅಂತ ಅಮ್ಮನ್ನ ಕೇಳ್ತಿದ್ದೀನಿ. ಗುರುವಾರ ಕಂಪನಿ ಒಳಗೆ ನೋಡೋಕೆ ಬಾ ಅಂದಿದ್ದಾರೆ. ಅಪ್ಪನೂ ಬರ್ತಾರೆ.

ಗೇಜ್ ರೂಮ್, ಹೊಸೂರು

ಅಪ್ಪ ಬರೋದು ಒಳ್ಳೇದಾಯ್ತು. ಸುತ್ತಿ ನೋಡುವಾಗ ಕೆಂಪು ಬಿನ್ ಎಲ್ಲಿದೆ ನೋಡು. ರಿಜೆಕ್ಟ್ ಆದದ್ದಕ್ಕೆ ಬೀಗ ಹಾಕಿ ಟ್ಯಾಗ್ ಕಟ್ಟಿಟ್ಟಿದ್ರೆ ಒಳ್ಳೆ ಲಕ್ಷಣ. ಒಳ್ಳೆ ಪೀಸಿನ ಟ್ರೇ ಪಕ್ಕದಲ್ಲೇ ನೆಲದ ಮೇಲೆ ಗುಡ್ಡೆ ಹಾಕಿದ್ರೆ ಅದನ್ನೂ ಮನಸ್ಸಲ್ಲಿ ಇಟ್ಟುಕೋ. ಯಾರಾದ್ರೂ ಮೈಕ್ರೋಮೀಟರ್ ಕೈಗೆ ಕೊಟ್ಟು ಅಳೆದು ತೋರಿಸು ಅಂದ್ರೆ ಆತುರ ಬೇಡ. ಮೊದಲು ಎರಡು ಮುಖ ಒರೆಸಿ ಸೊನ್ನೆ ನೋಡು, ಆಮೇಲೆ ರಾಚೆಟ್ ಹಿಡಿದು ತಿರುಗಿಸು, ಥಿಂಬಲ್ ಹಿಡಿದು ಬಿಗಿ ಮಾಡಬೇಡ. ಆಫರ್ ಲೆಟರ್‌ನಲ್ಲಿ ಹುದ್ದೆ ‘ಆಪರೇಟರ್’ ಅಂತಿದ್ರೆ ‘ಕ್ವಾಲಿಟಿ’ ಅಂತ ತಿದ್ದಿಸಿಕೊಂಡೇ ಸಹಿ ಹಾಕು. ಗುರುವಾರ ಸಂಜೆ ಏನಾಯ್ತು ಅಂತ ಇಲ್ಲೇ ಬರಿ, ನಾನು ನೋಡ್ತಿರ್ತೀನಿ.